ಓದುಗರ ಪ್ರಶ್ನೆ, ನಮ್ಮ ಉತ್ತರ: ಮಾದರಿ ದೋಣಿಗೆ ತಂಪು ನೀರು ಎಲ್ಲಿಂದ?

ಪ್ರಶ್ನೆ: ರೇಡಿಯೊ ನಿಯಂತ್ರಿತ ವೇಗದ ದೋಣಿಯೊಂದನ್ನು ಜೋಡಿಸುತ್ತಿದ್ದೇನೆ. ಒಡಲು ಫೈಬರ್‌ಗ್ಲಾಸಿನದು, ಉದ್ದ ಸುಮಾರು 70 ಸೆಂಟಿಮೀಟರ್, ಮೋಟಾರು ಬ್ರಷ್‌ಲೆಸ್. ಮೋಟಾರನ್ನು ತಣಿಸುವ ನೀರಿಗಾಗಿ ತಳದಲ್ಲಿ ರಂಧ್ರ ಕೊರೆಯಬೇಕೆ, ಇಲ್ಲವೇ ನೀರಿನ ದಾರಿಯಿರುವ ಚುಕ್ಕಾಣಿಯನ್ನು ಕೊಳ್ಳಬೇಕೆ? – ಓದುಗರೊಬ್ಬರು, ಹಾಸನ

ಉತ್ತರ: ಚುಕ್ಕಾಣಿಯನ್ನೇ ಆರಿಸಿಕೊಳ್ಳಿ. ವೇಗದ ದೋಣಿ ಓಡತೊಡಗಿದ ಮೇಲೆ ನೀರನ್ನು ಸೀಳಿಕೊಂಡು ಹೋಗುವುದಿಲ್ಲ, ಅದರ ಮೇಲೇರಿ ಜಾರುತ್ತದೆ. ಆಗ ತಳದ ಮುಂಭಾಗವೆಲ್ಲ ಗಾಳಿಯಲ್ಲಿದ್ದು ಹಿಂತುದಿಯ ಸ್ವಲ್ಪ ಭಾಗ ಮಾತ್ರ ನೀರಿಗೆ ತಾಗಿರುತ್ತದೆ. ಆದ್ದರಿಂದ ತಳದ ರಂಧ್ರ ಸ್ವಲ್ಪ ಮುಂದಕ್ಕೆ ಬಿದ್ದರೂ, ಪೂರ್ಣ ವೇಗದಲ್ಲಿ, ಅಂದರೆ ಮೋಟಾರಿಗೆ ನೀರು ಅತ್ಯಂತ ಅಗತ್ಯವಾದ ಗಳಿಗೆಯಲ್ಲೇ, ಅದು ಗಾಳಿಯನ್ನು ಕುಡಿಯುತ್ತದೆ. ಚುಕ್ಕಾಣಿಯ ಅಲಗಾದರೋ ದೋಣಿ ಎಷ್ಟೇ ಮೇಲೆದ್ದರೂ ನೀರಿನಲ್ಲೇ ಇರಬೇಕು, ಇಲ್ಲದಿದ್ದರೆ ದೋಣಿ ತಿರುಗುವುದೇ ಇಲ್ಲ. ಅಲಗಿನ ಮುಂಅಂಚಿನಲ್ಲಿ, ಕೆಳತುದಿಗೆ ಹತ್ತಿರವಾಗಿ ಇರುವ ರಂಧ್ರಕ್ಕೆ ಎದುರಿನಿಂದ ಬರುವ ನೀರು ತಾನಾಗಿ ನುಗ್ಗುತ್ತದೆ.

ಆ ನುಗ್ಗುವಿಕೆಯ ಬಲವನ್ನು ಲೆಕ್ಕ ಹಾಕಿ ನೋಡಬಹುದು. ದೋಣಿ ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿದ್ದರೆ ರಂಧ್ರದ ಬಾಯಲ್ಲಿ ಉಂಟಾಗುವ ಒತ್ತಡವು ಸುಮಾರು 5 ಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ. ಇಷ್ಟಿರುವಾಗ ಪಂಪಿನ ಮಾತೇ ಬೇಡ. ವೇಗ ಅರ್ಧವಾದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ಚುಕ್ಕಾಣಿಯನ್ನು ಕೂರಿಸುವ ಜಾಗವೂ ಮುಖ್ಯ. ನಿಮ್ಮದು ಅರ್ಧ ಮಾತ್ರ ಮುಳುಗಿ ತಿರುಗುವ ಪ್ರೊಪೆಲ್ಲರ್ ಆಗಿದ್ದರೆ ಅದರ ನೇರ ಹಿಂದಿರುವುದು ಗಾಳಿ ಬೆರೆತ ನೊರೆ, ಅದರಿಂದ ಮೋಟಾರು ತಣ್ಣಗಾಗದು. ಹಿಂಬದಿಯ ಫಲಕದ ಮೇಲೆ ಪ್ರೊಪೆಲ್ಲರಿನಿಂದ ಪಕ್ಕಕ್ಕೆ ಸರಿಸಿ ಚುಕ್ಕಾಣಿಯನ್ನು ಕೂರಿಸಿದರೆ ಕಲಕದ ನೀರು ಸಿಗುತ್ತದೆ. ಕೊರಡಿಗೆ ತಾಗಿದಾಗ ಅಲಗು ಹಿಂದಕ್ಕೆ ಮಡಚಿಕೊಳ್ಳುವಂಥದ್ದಾದರೆ ಅಲ್ಲಿಂದ ನೀರನ್ನು ಒಳಗೊಯ್ಯುವ ಸಿಲಿಕೋನ್ ಕೊಳವೆಯನ್ನು ಕೊಂಚ ಸಡಿಲವಾಗಿ ಬಿಡಿ. ಬಿಗಿಯಾಗಿದ್ದರೆ ಅದೇ ಏಟಿಗೆ ಕೊಳವೆ ಕಿತ್ತುಬಂದು, ದಡಕ್ಕೆ ಮರಳುವ ದಾರಿಯಲ್ಲೇ ಮೋಟಾರು ಸುಡಬಹುದು. ಇಷ್ಟೆಲ್ಲ ಹೇಳಿಯೂ ತಳದ ರಂಧ್ರವೇ ಬೇಕೆನಿಸಿದರೆ ಅದನ್ನು ಹಿಂತುದಿಯ ಸಮೀಪ, ನಡುಗೆರೆಗೆ ಹತ್ತಿರವಾಗಿ ಕೊರೆದು, ಕೊಳವೆಯ ಸುತ್ತ ಎಪಾಕ್ಸಿ ಅಂಟು ತುಂಬಿ.

ಪ್ರಶ್ನೆ: ಬಂದರಿನ ಟಗ್ ದೋಣಿಯ ಮಾದರಿಯೊಂದು ನನ್ನಲ್ಲಿದೆ, ನಡಿಗೆಯ ವೇಗದಲ್ಲಿ ಸಾಗುತ್ತದೆ. ಚುಕ್ಕಾಣಿಯಲ್ಲಿ ಪಿಕಪ್ (ನೀರನ್ನು ಒಳಗೆಳೆಯುವ ಬಾಯಿ) ಹಾಕಿಸಿದ್ದರೂ ಹೊರಕೊಳವೆಯಲ್ಲಿ ಒಂದು ಹನಿ ನೀರೂ ಬರುತ್ತಿಲ್ಲ. ಏಕೆ? – ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಮೇಲಿನ ಲೆಕ್ಕವನ್ನೇ ನಿಮ್ಮ ದೋಣಿಗೂ ಹಚ್ಚಿ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಸಿಗುವ ಒತ್ತಡ ನೀರನ್ನು ಸುಮಾರು 5 ಸೆಂಟಿಮೀಟರ್ ಮಾತ್ರ ಮೇಲಕ್ಕೆತ್ತಬಲ್ಲದು. ಕೊಳವೆಯ ತಿರುವುಗಳಲ್ಲೂ ಮೋಟಾರಿನ ಸುತ್ತ ನೀರು ಹರಿಯುವ ಕವಚವಾದ ಜಾಕೆಟ್ಟಿನಲ್ಲೂ ಅಷ್ಟು ಬಲ ಕರಗಿಹೋಗುತ್ತದೆ. ನಿಮ್ಮ ದೋಣಿಯಲ್ಲಿ ವೇಗವಾಗಿ ಹರಿಯುವ ನೀರು ಇರುವುದು ಒಂದೇ ಕಡೆ, ಪ್ರೊಪೆಲ್ಲರಿನ ಹಿಂದೆ. ಟಗ್ಗಿನ ಪ್ರೊಪೆಲ್ಲರ್ ಪೂರ್ತಿ ಮುಳುಗಿರುವುದರಿಂದ ಅಲ್ಲಿ ನೊರೆಯ ಕಾಟವೂ ಇಲ್ಲ. ಸಣ್ಣ ಹಿತ್ತಾಳೆ ಕೊಳವೆಯೊಂದನ್ನು ತಳದಿಂದ ಇಳಿಸಿ, ಅದರ ತುದಿಯನ್ನು ಓರೆಯಾಗಿ ಕತ್ತರಿಸಿ, ತೆರೆದ ಬಾಯಿ ಪ್ರೊಪೆಲ್ಲರಿನತ್ತ ಮುಖಮಾಡುವಂತೆ ನಿಲ್ಲಿಸಿ. ದೋಣಿ ಭಾರವನ್ನೆಳೆಯುತ್ತಾ ನಿಂತಲ್ಲೇ ನಿಂತಿದ್ದರೂ ನೀರು ಬರುತ್ತದೆ. ಹಿಮ್ಮುಖವಾಗಿ ಚಲಿಸುವಾಗ ಮಾತ್ರ ನಿಲ್ಲುತ್ತದೆ, ಅದೂ ತೊಂದರೆಯಾದರೆ ಪುಟ್ಟ ವಿದ್ಯುತ್ ಪಂಪೊಂದೇ ಪರಿಹಾರ.

ಆದರೆ ಅದಕ್ಕೂ ಮೊದಲು ಆ ಮೋಟಾರು ಏಕೆ ಬಿಸಿಯಾಗುತ್ತಿದೆ ಎಂದು ವಿಚಾರಿಸಬೇಕೆಂಬುದು ನನ್ನ ಆಗ್ರಹ. ನಿಧಾನದ ದೋಣಿಯಲ್ಲಿ ಮೋಟಾರು ಕಾದರೆ ಬಹುಪಾಲು ಪ್ರೊಪೆಲ್ಲರ್ ಅದರ ಶಕ್ತಿಗೆ ಮೀರಿದ ಗಾತ್ರದ್ದಾಗಿರುತ್ತದೆ, ಇಲ್ಲವೇ ಪ್ರೊಪೆಲ್ಲರನ್ನು ತಿರುಗಿಸುವ ದಂಡ ಎಲ್ಲೋ ಬಿಗಿದುಕೊಂಡಿರುತ್ತದೆ. ಅದನ್ನು ಸರಿಪಡಿಸದೆ ನೀರು ಹಾಯಿಸುವುದು ಜ್ವರದ ಕಾರಣ ಹುಡುಕದೆ ಹಣೆಗೆ ಒದ್ದೆಬಟ್ಟೆ ಹಾಕಿದಂತೆ.

ಪ್ರಶ್ನೆ: ನಮ್ಮ ಕೆರೆಯಲ್ಲಿ ಪಾಚಿ, ಅಂತರಗಂಗೆ ಎರಡೂ ಹೆಚ್ಚು. ರಂಧ್ರಕ್ಕೆ ಜಾಲರಿ ಹಾಕಬಹುದೆ? – ಓದುಗರೊಬ್ಬರು, ಬೇಲೂರು

ಉತ್ತರ: ಬೇಡ. ಮೂರ್ನಾಲ್ಕು ಮಿಲಿಮೀಟರ್ ಬಾಯಿಗೆ ಹಾಕಿದ ಜಾಲರಿಯ ಮೇಲೆ ಒಂದೆಳೆ ಪಾಚಿ ಕುಳಿತರೂ ದಾರಿ ಮುಚ್ಚಿಹೋಗುತ್ತದೆ. ಪ್ರತಿ ಓಟದ ನಂತರ ಕೊಳವೆಯನ್ನು ಬಿಡಿಸಿ, ಸಿರಿಂಜಿನಿಂದ ಶುದ್ಧ ನೀರನ್ನು ಹೊರಬಾಯಿಯ ಕಡೆಯಿಂದ ಹಿಮ್ಮುಖವಾಗಿ ತಳ್ಳಿ. ಮಲೆನಾಡಿನ ಮಳೆಗಾಲದಲ್ಲಿ ಕೆರೆಗೆ ಕೆಂಪು ನೀರು ಬಂದಿರುವಾಗಲಂತೂ ಇದನ್ನು ತಪ್ಪಿಸಲೇಬಾರದು, ಏಕೆಂದರೆ ಜಾಕೆಟ್ಟಿನೊಳಗೆ ಒಣಗಿದ ಹೂಳು ಮತ್ತೆ ಸುಲಭವಾಗಿ ಕರಗುವುದಿಲ್ಲ.

ಪ್ರಶ್ನೆ: ನೀರು ಮೊದಲು ಮೋಟಾರಿಗೆ ಹೋಗಬೇಕೆ, ವೇಗ ನಿಯಂತ್ರಕಕ್ಕೆ ಹೋಗಬೇಕೆ? – ಓದುಗರೊಬ್ಬರು, ಸಕಲೇಶಪುರ

ಉತ್ತರ: ಇಎಸ್‌ಸಿ ಎಂದು ಕರೆಯುವ ವೇಗ ನಿಯಂತ್ರಕಕ್ಕೆ ಮೊದಲು. ಅದರೊಳಗಿನ ಟ್ರಾನ್ಸಿಸ್ಟರುಗಳೂ ಕೆಪಾಸಿಟರುಗಳೂ ಶಾಖಕ್ಕೆ ಮೋಟಾರಿಗಿಂತ ಬೇಗ ಸೋಲುತ್ತವೆ, ಮತ್ತು ಅಲ್ಲಿಂದ ಹೊರಡುವ ನೀರು ಮೋಟಾರನ್ನು ತಣಿಸಲು ಸಾಲುವಷ್ಟು ತಂಪಾಗಿಯೇ ಉಳಿದಿರುತ್ತದೆ. ಶಕ್ತಿಶಾಲಿ ದೋಣಿಯಾದರೆ ಎರಡಕ್ಕೂ ಬೇರೆಬೇರೆ ಪಿಕಪ್ ಇಡುವುದೇ ಲೇಸು. ಹೊರಬಾಯಿಗಳೆರಡನ್ನೂ ನೀರಿನ ಮಟ್ಟಕ್ಕಿಂತ ಮೇಲೆ, ನೀವು ದಡದಲ್ಲಿ ನಿಂತಾಗ ಕಾಣುವ ಮಗ್ಗುಲಿನಲ್ಲಿ ಇರಿಸಿ. ಧಾರೆ ನಿಂತದ್ದು ಕಂಡ ಕೂಡಲೇ ವೇಗ ತಗ್ಗಿಸಿ ದೋಣಿಯನ್ನು ದಡಕ್ಕೆ ತನ್ನಿ.