ಶಿರಾಡಿ ಬಂದ್ ಆದ ದಿನ ಬಾಟಾ ಯಾರು ಕೊಡ್ತಾರೆ?

ಪ್ರಶ್ನೆ: ನನಗೆ 27 ವರ್ಷ. ಪೀಣ್ಯದ ಬಿಡಿಭಾಗ ಕಾರ್ಖಾನೆಯೊಂದರಲ್ಲಿ ಆರು ವರ್ಷದಿಂದ ಆಪರೇಟರ್. ಕೈಗೆ 17 ಸಾವಿರ ಬರುತ್ತೆ. ದಾಸರಹಳ್ಳಿಯಲ್ಲಿ ಬಾಡಿಗೆ ಮನೆ, ಹೆಂಡತಿ, ಏಳು ತಿಂಗಳ ಮಗಳು. ಚಿಕ್ಕಂದಿನಿಂದ ಲಾರಿ ಅಂದ್ರೆ ಹುಚ್ಚು. ಕಾರಿನ ಲೈಸೆನ್ಸ್ ತೆಗೆದು ಮೂರು ವರ್ಷ ಆಯ್ತು. ನಮ್ಮೂರಿನ ಲಾರಿ ಮಾಲೀಕರೊಬ್ಬರು ‘ಹೆವಿ ಮಾಡಿಸ್ಕೊಂಡು ಬಾ, ಮಂಗಳೂರು ಲೈನಿಗೆ ಹತ್ತು ಚಕ್ರದ ಗಾಡಿ ಕೊಡ್ತೀನಿ. ತಿಂಗಳಿಗೆ 25 ಸಾವಿರ, ಬಾಟಾ (ದಾರಿ ಖರ್ಚಿನ ದಿನಭತ್ಯೆ) ಬೇರೆ’ ಅಂತಿದ್ದಾರೆ. ಹೆಂಡತಿ ಬೇಡವೇ ಬೇಡ ಅಂತ ಊಟ ಬಿಟ್ಟು ಕೂತಿದ್ದಾಳೆ. ಭಾವಮೈದ ‘ಇನ್ನೊಬ್ಬರ ಗಾಡಿ ಯಾಕೆ, 14 ಲಕ್ಷಕ್ಕೆ ಹಳೇ ಲಾರಿ ಇದೆ, ಪಿಎಫ್ ತೆಗೆದು ಮುಂಗಡ ಕಟ್ಟು, ಉಳಿದಿದ್ದು ಸಾಲ ಮಾಡು’ ಅಂತಾನೆ. ನಾನೇನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಭಾವಮೈದನ ಮಾತಿಗೆ ಮೊದಲು ಉತ್ತರ ಕೊಟ್ಟುಬಿಡೋಣ, ಅದು ಸುಲಭ. ಬೇಡ. 10 ಲಕ್ಷ ಸಾಲ, ನೂರಕ್ಕೆ 15ರ ಬಡ್ಡಿ, ನಾಲ್ಕು ವರ್ಷ ಅಂತ ಹಿಡಿದರೆ ತಿಂಗಳ ಕಂತೇ ಸುಮಾರು 27,800 ರೂಪಾಯಿ. ಹತ್ತು ಚಕ್ರದ ಗಾಡಿಗೆ ಥರ್ಡ್ ಪಾರ್ಟಿ ವಿಮೆ, ತೆರಿಗೆ ಬಿಟ್ಟು, ವರ್ಷಕ್ಕೆ 44 ಸಾವಿರದ ಆಸುಪಾಸು. ಎಂಟು ವರ್ಷ ದಾಟಿದ ಗಾಡಿಯಾದರೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನೋ ಸರ್ಟಿಫಿಕೇಟ್) ಪ್ರತಿ ವರ್ಷ. ಹೊಸ ಟೈರ್ ಒಂದಕ್ಕೆ 20 ಸಾವಿರದ ಮೇಲೆ, ಹಾಕಬೇಕಾದ್ದು ಹತ್ತು. ಬಾಡಿಗೆ ದುಡ್ಡು ಮಾತ್ರ ಒಂದೆರಡು ತಿಂಗಳು ಕಾಯಿಸಿ ಬರುತ್ತೆ, ಕಂತು ಕಾಯಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಸಾಲದ ಮೇಲೆ ಟಿಪ್ಪರ್ ತೆಗೆದವರ ಪಾಡು ಏನಾಯ್ತು ಅಂತ ಸಂಡೂರು, ಹೊಸಪೇಟೆ ಕಡೆಯ ಯಾರನ್ನಾದರೂ ಕೇಳಿ. ಪಿಎಫ್ ಮುಟ್ಟಲೇಬೇಡಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ನಿಮ್ಮದು ಆರು ಆಗಿದೆ. ಪಿಂಚಣಿ ಪಾಲನ್ನೂ ಸೇರಿಸಿ ಹಣ ಪೂರ್ತಿ ತೆಗೆದರೆ ಆ ಆರೂ ಹೋಯ್ತು. ಲಾರಿ ಮಾಲೀಕ ಆಗೋ ಆಸೆ ಇದ್ದರೆ ಐದು ವರ್ಷ ಇನ್ನೊಬ್ಬರ ಗಾಡಿ ಓಡಿಸಿದ ಮೇಲೆ ನೋಡೋಣ.

ಈಗ ನಿಮ್ಮ ಪ್ರಶ್ನೆ. ಲಾರಿ ಓಡಿಸುವ ಆಸೆ ನಿಜವಾದದ್ದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಡ್ರೈವರ್ ಕೆಲಸದಲ್ಲಿ ಸ್ಟೀರಿಂಗ್ ಹಿಡಿಯೋದು ಅರ್ಧ ಪಾಲು. ಉಳಿದರ್ಧ ಕಾಯೋದು, ಗಾಡಿ-ಲೋಡು ಕಾವಲು, ಕಾಗದ, ಲೆಕ್ಕ. ಹೊಸಬರು ಬಿಟ್ಟು ಓಡಿಬರೋದು ಈ ಅರ್ಧ ತಡೆಯಲಾರದೆ. ಹಾಗಾಗಿ ನಿಮ್ಮ ತೀರ್ಮಾನ ಆಗಬೇಕಾದ್ದು ಇಲ್ಲಿ.

ಮಂಗಳೂರು ಲೈನನ್ನೇ ತಗೊಳ್ಳಿ. ಪಣಂಬೂರಿನ ಬಂದರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ. ಲೋಡ್ ಗಾಡಿಗೆ ಹತ್ತು-ಹನ್ನೆರಡು ಗಂಟೆ. ಕೇಳೋಕೆ ಒಂದು ರಾತ್ರಿಯ ಕೆಲಸ. ಆದರೆ ಯಾರ್ಡಿನಲ್ಲಿ ಸರದಿ, ಕಾಟಾದಲ್ಲಿ ಖಾಲಿ ತೂಕ, ಲೋಡಿಂಗ್, ಮತ್ತೆ ತುಂಬಿದ ತೂಕ, ಬಿಲ್ಲು, ಟಾರ್ಪಾಲು, ಹಗ್ಗ ಅಂತ ಅಲ್ಲೇ ಒಂದು ದಿನ ಹೋಗಿರುತ್ತೆ. ಬೆಳಿಗ್ಗೆ ನೆಲಮಂಗಲ ಮುಟ್ಟಿದರೆ ಹಗಲು ಹೆವಿ ಗಾಡಿಗೆ ಊರೊಳಗೆ ಬಿಡಲ್ಲ. ಕತ್ತಲಾಗೋವರೆಗೆ ರಸ್ತೆ ಬದಿ. ದಾಸರಹಳ್ಳಿ ಅಲ್ಲಿಂದ ಹದಿನೈದು ಕಿಲೋಮೀಟರ್. ಮನೆ ಅಷ್ಟು ಹತ್ತಿರ ಇದ್ದರೂ ಕ್ಲೀನರ್ ಇಲ್ಲದ ಗಾಡಿಯನ್ನು ಬಿಟ್ಟು ಹೋಗೋ ಹಾಗಿಲ್ಲ. ಟ್ಯಾಂಕಿನಲ್ಲಿ ಡೀಸೆಲ್ ಇರುತ್ತೆ, ಬ್ಯಾಟರಿ ಇರುತ್ತೆ, ಸ್ಟೆಪ್ನಿ ಇರುತ್ತೆ. ಕಳುವಾದರೆ ನಿಮ್ಮ ತಲೆಗೇ. ಕ್ಲೀನರ್ ಇರ್ತಾನಾ ಅನ್ನೋದು ಮಾಲೀಕರಿಗೆ ಕೇಳಬೇಕಾದ ಮೊದಲ ಪ್ರಶ್ನೆ.

ಎರಡನೆಯದು ಡೀಸೆಲ್. 25 ಸಾವಿರ ಅನ್ನೋ ಮಾತು ನಿಲ್ಲೋದು, ಬೀಳೋದು ಇದರ ಮೇಲೆ. ಬಹಳ ಕಡೆ ‘ಇಷ್ಟು ಕಿ.ಮೀ.ಗೆ ಇಷ್ಟು ಲೀಟರ್, ಹೆಚ್ಚಾದರೆ ಡ್ರೈವರ್ ಲೆಕ್ಕಕ್ಕೆ’ ಅಂತ ಇರುತ್ತೆ. ಮಾಲೀಕರು ಲೋಡಿಗೆ ಲೀಟರಿಗೆ 4.5 ಕಿ.ಮೀ. ಕಟ್ಟಿದರು ಅನ್ನಿ. 350 ಕಿ.ಮೀ.ಗೆ 78 ಲೀಟರ್. ಘಾಟ್ ಹತ್ತಿ ಬರುವಾಗ ಗಾಡಿ 3.5 ಕೊಟ್ಟರೆ 100 ಲೀಟರ್. 22 ಲೀಟರ್ ವ್ಯತ್ಯಾಸ. ಲೀಟರಿಗೆ 90 ರೂ. ಹಿಡಿದರೂ ಟ್ರಿಪ್ಪಿಗೆ 1,980. ತಿಂಗಳಿಗೆ ಎಂಟು ಟ್ರಿಪ್ ಆದರೆ ಹತ್ತಿರ ಹತ್ತಿರ 16 ಸಾವಿರ. ನಿಮ್ಮ 25ರಲ್ಲಿ ಉಳಿದಿದ್ದು ಒಂಬತ್ತು. ಮಾಲೀಕರು ಕೆಟ್ಟವರು ಅಂತ ಇದರ ಅರ್ಥವಲ್ಲ, ಡೀಸೆಲ್ ಕದಿಯೋ ಡ್ರೈವರ್‌ಗಳಿಂದ ಬಂದ ಪದ್ಧತಿ ಇದು. ಆದರೆ ಪ್ರಾಮಾಣಿಕನಾದ ಹೊಸಬನೇ ಇದಕ್ಕೆ ಮೊದಲು ಬಲಿ. ಅವನ ಕಾಲು ಆಕ್ಸಿಲರೇಟರ್ ಮೇಲೆ ಭಾರ, ಗೇರ್ ತಡ. ಅದಕ್ಕೇ ಮೊದಲ ಮೂರು ತಿಂಗಳು ಮೈಲೇಜ್ ಕಡಿತ ಬೇಡ, ಅಷ್ಟರಲ್ಲಿ ಬಂದ ಸರಾಸರಿಯನ್ನೇ ಮುಂದಕ್ಕೆ ಅಳತೆ ಮಾಡಿಕೊಳ್ಳಿ ಅಂತ ಕೇಳಿ. ಒಪ್ಪದಿದ್ದರೆ ಆ ಗಾಡಿ ಬೇಡ.

ಮೂರನೆಯ ಪ್ರಶ್ನೆ: ಶಿರಾಡಿ ಬಂದ್ ಆದ ದಿನ ಬಾಟಾ ಯಾರು ಕೊಡ್ತಾರೆ? ತಮಾಷೆಗೆ ಹೇಳ್ತಿಲ್ಲ, ಶಿರಾಡಿ ಈ ಲೈನಿನ ಘಾಟ್ ರಸ್ತೆ. ಮಳೆಗಾಲದಲ್ಲಿ ಸಕಲೇಶಪುರದ ಹತ್ತಿರ ದೋಣಿಗಾಲ್ ಕಡೆ ಗುಡ್ಡ ಕುಸಿದು ಹೆವಿ ಗಾಡಿಗಳನ್ನು ತಡೆದದ್ದು ಒಂದೆರಡು ಸಲವಲ್ಲ. ಬೇರೆ ಘಾಟ್ ಹಿಡಿಯೋಣ ಅಂದರೆ ಚಾರ್ಮಾಡಿಯಲ್ಲಿ ಹೆವಿ ಗಾಡಿ ಬಿಡಲ್ಲ, ಆಗುಂಬೆಯಲ್ಲಂತೂ ಇಲ್ಲವೇ ಇಲ್ಲ. ಗಾಡಿ ನಿಂತರೆ ಬಾಟಾ ನಿಂತಿತು, ಊಟದ ಖರ್ಚು ನಿಲ್ಲಲಿಲ್ಲ. ಇ-ವೇ ಬಿಲ್ (ಮಾಲು ಸಾಗಿಸೋಕೆ ಬೇಕಾದ ಜಿಎಸ್‌ಟಿ ಕಾಗದ) ದಿನಕ್ಕೆ 200 ಕಿ.ಮೀ. ಲೆಕ್ಕದಲ್ಲಿ ಓಡುತ್ತೆ. ನಿಮ್ಮ 350ಕ್ಕೆ ಎರಡು ದಿನ. ಅವಧಿ ಮುಗಿಯುವ ಎಂಟು ಗಂಟೆ ಮೊದಲಿಂದ ಮುಗಿದ ಎಂಟು ಗಂಟೆಯೊಳಗೆ ಅದನ್ನು ವಿಸ್ತರಿಸಬೇಕು. ಆಫೀಸಿಗೆ ಫೋನ್ ಮಾಡಿ ಹೇಳೋದು ನಿಮ್ಮ ಕೆಲಸ. ಮರೆತರೆ ಜಿಎಸ್‌ಟಿಯವರು ಹಿಡಿಯೋದು ಗಾಡಿಯನ್ನು, ಅಂದರೆ ನಿಮ್ಮನ್ನು.

ಓವರ್‌ಲೋಡ್ ವಿಷಯ ಬಾಯಿಮಾತಲ್ಲಿ ಬಿಡಬೇಡಿ. ಹತ್ತು ಚಕ್ರದ ಗಾಡಿಗೆ ಗಾಡಿಯ ತೂಕವೂ ಸೇರಿ ಮಿತಿ ಸುಮಾರು 28 ಟನ್. ಆರ್‌ಸಿಯಲ್ಲಿ ಇರೋದೇ ಅಂತಿಮ. ಮೀರಿದರೆ ದಂಡ 20 ಸಾವಿರ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2 ಸಾವಿರ, ಹೆಚ್ಚಿನ ಮಾಲು ಅಲ್ಲೇ ಇಳಿಸಬೇಕು. ಮೂರು ಟನ್ ಹೆಚ್ಚಾದರೆ 26 ಸಾವಿರ, ನಿಮ್ಮ ತಿಂಗಳ ಸಂಬಳಕ್ಕಿಂತ ಜಾಸ್ತಿ. ಕಾಟಾ ಚೀಟಿ ನೋಡದೆ ಗೇಟ್ ದಾಟಬೇಡಿ.

ಹೆಂಡತಿಯ ಭಯಕ್ಕೆ ಬರೋಣ. ಅವರ ಭಯ ಅಪಘಾತದ್ದು ಅಂತ ನೀವು ಬರೆದಿಲ್ಲ, ನಾವು ಊಹಿಸ್ತಿದ್ದೀವಿ. ಭಯ ಸರಿಯಾಗಿದೆ, ಆದರೆ ಅದಕ್ಕೊಂದು ಜಾಗ, ಒಂದು ಹೊತ್ತು ಇದೆ. ಜಾಗ, ಲೋಡ್ ಹೇರಿಕೊಂಡು ಘಾಟ್ ಇಳಿಯೋದು. ಹತ್ತೋದು ನಿಧಾನ, ಅಷ್ಟೇ. ಇಳಿಯೋದರಲ್ಲೇ ಜೀವ ಹೋಗೋದು. ಸಕಲೇಶಪುರ ದಾಟಿ ಮಾರನಹಳ್ಳಿ ಕಡೆ ಇಳಿಜಾರು ಶುರುವಾಗೋ ಮೊದಲೇ ಗಾಡಿ ನಿಲ್ಲಿಸಿ ಬ್ರೇಕಿನ ಗಾಳಿ ಗೇಜು ನೋಡಬೇಕು. ಏಳೆಂಟು ಬಾರ್ ಇರಬೇಕು. ಐದರ ಹತ್ತಿರ ಬಂದರೆ ಬಝರ್ ಕೂಗುತ್ತೆ, ಇನ್ನೂ ಇಳಿದರೆ ಹಿಂದಿನ ಸ್ಪ್ರಿಂಗ್ ಬ್ರೇಕ್ ತಾನಾಗಿ ಕಚ್ಚಿಕೊಳ್ಳುತ್ತೆ. ಯಾವ ಗೇರಲ್ಲಿ ಹತ್ತಬೇಕಿತ್ತೋ ಅದೇ ಗೇರಲ್ಲಿ ಇಳಿಯಬೇಕು, ಎಕ್ಸಾಸ್ಟ್ ಬ್ರೇಕ್ (ಎಂಜಿನ್ ಹೊಗೆ ತಡೆದು ವೇಗ ಇಳಿಸೋದು) ಹಾಕಿಕೊಂಡು. ಗೇರನ್ನು ಇಳಿಜಾರಿಗೆ ಮುಂಚೆಯೇ ಇಳಿಸಿರಬೇಕು. ವೇಗ ಹಿಡಿದ ಮೇಲೆ ಇಳಿಸಲು ಹೋದರೆ ಗೇರ್ ಬೀಳಲ್ಲ, ಗಾಡಿ ನ್ಯೂಟ್ರಲ್‌ನಲ್ಲಿ ಉಳಿಯುತ್ತೆ. ಫೂಟ್ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬಾರದು. ವೇಗ 30ಕ್ಕೆ ಬಂದಾಗ ಗಟ್ಟಿಯಾಗಿ ಒತ್ತಿ, 20ಕ್ಕೆ ತಂದು, ಪೂರ್ತಿ ಬಿಡಬೇಕು. ಸುಮ್ಮನೆ ತಟ್ಟುತ್ತಾ ಹೋದರೆ ಗಾಳಿ ಖರ್ಚು, ಒತ್ತಿಕೊಂಡೇ ಇದ್ದರೆ ಡ್ರಮ್ ಕಾದು ಲೈನರ್ ಹಿಡಿತ ಬಿಡುತ್ತೆ. ಸುಟ್ಟ ವಾಸನೆ ಬಂತೋ, ಅಗಲ ಜಾಗ ನೋಡಿ ನಿಲ್ಲಿಸಿ. ಕಾದ ಡ್ರಮ್ಮಿಗೆ ನೀರು ಹುಯ್ಯಬೇಡಿ, ಬಿರುಕು ಬಿಡುತ್ತೆ. ಚಕ್ರಕ್ಕೆ ಕಲ್ಲು ಕೊಡಿ, ಹೊರಡುವಾಗ ಆ ಕಲ್ಲು ತೆಗೆದು ಬದಿಗೆ ಹಾಕಿ. ರಸ್ತೆ ಮೇಲೆ ಬಿಟ್ಟ ಕಲ್ಲಿಗೆ ರಾತ್ರಿ ಬೈಕಿನವನು ಬೀಳ್ತಾನೆ. ಎಷ್ಟು ಅನುಭವಿಗಳು ಇದನ್ನೇ ಮರೆಯೋದು! ಡೀಸೆಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಇಳಿಸು ಅಂತ ಹೇಳಿಕೊಡೋ ಗುರುವಿನ ಗಾಡಿಯಿಂದ ಅವತ್ತೇ ಇಳಿದುಬಿಡಿ.

ಹೊತ್ತು, ಬೆಳಗಿನ ಜಾವ ಎರಡರಿಂದ ಐದು. ಟೀ, ಗುಟ್ಕಾ, ಜೋರು ಹಾಡು ಯಾವುದೂ ನಿದ್ದೆಗೆ ಬದಲಿಯಲ್ಲ. ರೆಪ್ಪೆ ಭಾರವಾದರೆ ಇಪ್ಪತ್ತು ನಿಮಿಷ ಮಲಗಬೇಕು, ಅಷ್ಟೇ. ಹೆದ್ದಾರಿಯ ಮೇಲೆ ಅಲ್ಲ, ಬಂಕಿನ ಒಳಗೆ. 2025ರವರೆಗೆ ಇದ್ದ ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ದಿನಕ್ಕೆ ಎಂಟು ಗಂಟೆ, ದೂರದ ಲೈನಿಗೆ ಹೆಚ್ಚೆಂದರೆ ಹತ್ತು ಅನ್ನುತ್ತಿತ್ತು. ಪಾಲನೆ ಎಷ್ಟು ಅಂತ ಡಾಬಾದಲ್ಲಿ ಕೇಳಿದರೆ ನಗ್ತಾರೆ. ಕಾರ್ಖಾನೆಯ ನೈಟ್ ಶಿಫ್ಟಿನಲ್ಲಿ ಮೂರು ಗಂಟೆಗೆ ನಿಮಗೆ ತೂಕಡಿಕೆ ಬರುತ್ತಾ? ಯೋಚಿಸಿ ನೋಡಿ. ಈ ಉತ್ತರ ನಿಮ್ಮೊಬ್ಬರಿಗೇ ಗೊತ್ತು.

ಕೇಸಿನ ಬಗ್ಗೆಯೂ ಮನೆಯಲ್ಲಿ ಮಾತಾಡಿ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ಐದು ವರ್ಷದವರೆಗೆ ಶಿಕ್ಷೆ; ಜಾಮೀನು ಸಿಗುವ ಅಪರಾಧ. ತಿಳಿಸದೆ ಓಡಿಹೋದರೆ ಹತ್ತು ವರ್ಷ ಅನ್ನುವ 106(2) ಇದೆಯಲ್ಲ, 2024ರ ಜನವರಿಯ ಡ್ರೈವರ್‌ಗಳ ಮುಷ್ಕರದ ನಂತರ ಅದನ್ನು ಜಾರಿಗೆ ತರದೆ ತಡೆಹಿಡಿದರು. ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು ಅನ್ನುವ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ನಿನಲ್ಲಿ, ಜನ ಮೈಮೇಲೆ ಬಿದ್ದು ಅದು ಸಾಧ್ಯವಾಗದ ಸಂದರ್ಭಕ್ಕೆ ವಿನಾಯಿತಿಯೂ ಇದೆ. ಅಂದರೆ ಜೀವಕ್ಕೆ ಅಪಾಯ ಅನಿಸಿದರೆ ಅಲ್ಲಿಂದ ಸರಿದು, ನೇರ ಹತ್ತಿರದ ಠಾಣೆಗೆ ಹೋಗಿ. ಊರಿಗಲ್ಲ.

ಮಾಲೀಕರ ವಿಮಾ ಪಾಲಿಸಿ ತರಿಸಿ ನೋಡಿ. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಅಂತ ಇರುತ್ತೆ, ಅದು ಸ್ವಂತ ಗಾಡಿ ಓಡಿಸೋ ಮಾಲೀಕನಿಗೆ, ನಿಮಗಲ್ಲ. ‘ಪೇಯ್ಡ್ ಡ್ರೈವರ್’ ಅನ್ನೋ ಸಾಲು ಬೇರೆ ಇದೆಯಾ ಹುಡುಕಿ. ಅದರ ಪ್ರೀಮಿಯಂ ಐವತ್ತು ರೂಪಾಯಿಯ ಮಾತು. ಈಗ ನಿಮ್ಮ ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದ್ದೇ ಇರುತ್ತೆ. ಮಗಳ ಆಸ್ಪತ್ರೆ ಅದರ ಮೇಲೆ ನಿಂತಿದೆ. ಕೆಲಸ ಬಿಟ್ಟರೆ ಕೆಲವು ತಿಂಗಳಲ್ಲಿ ಅದು ಮುಗಿಯುತ್ತೆ. 17ಕ್ಕೂ 25ಕ್ಕೂ ನಡುವಿನ ಎಂಟು ಸಾವಿರದಲ್ಲಿ ಇದನ್ನು ಕಳೆದು ನೋಡಬೇಕು.

ಹಾಗಾದರೆ ಬೇಡ ಅಂತಲಾ? ಅಲ್ಲ. ಈಗಲೇ ಕೆಲಸ ಬಿಡಬೇಡಿ ಅಂತ. ನಿಮ್ಮ ಕಾರಿನ ಲೈಸೆನ್ಸಿಗೇ ಒಂದು ದಾರಿ ಇದೆ: 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಹಾಗೆ, ಎಲ್‌ಎಂವಿ (ಲಘು ವಾಹನದ) ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕಿಲೋವರೆಗಿನ ಸರಕು ಗಾಡಿ ಓಡಿಸಬಹುದು. ವಾರದ ರಜೆಯಲ್ಲಿ ಪೀಣ್ಯದಲ್ಲೇ ಟಾಟಾ 407 ಥರದ ಸಣ್ಣ ಲಾರಿಗೆ ಬದಲಿ ಡ್ರೈವರ್ ಆಗಿ ಹೋಗಿ. ರಿವರ್ಸ್, ಇಕ್ಕಟ್ಟಿನ ಗೋಡೌನ್, ಹಮಾಲರ ಜೊತೆ ವ್ಯವಹಾರ ಅಲ್ಲೇ ಕಲಿತೀರಿ.

ಜೊತೆಗೇ ಹೆವಿಗೆ ಎಲ್‌ಎಲ್ (ಕಲಿಕಾ ಲೈಸೆನ್ಸ್) ಹಾಕಿ. ವಯಸ್ಸು 20 ದಾಟಿರಬೇಕು, ಎಲ್‌ಎಂವಿ ಬಂದು ಒಂದು ವರ್ಷ ಆಗಿರಬೇಕು; ಎರಡೂ ನಿಮಗಿದೆ. ಓದಿನ ಷರತ್ತು 2019ರಲ್ಲೇ ಹೋಯ್ತು. ವೈದ್ಯರ ಫಾರಂ 1ಎ, ಡ್ರೈವಿಂಗ್ ಸ್ಕೂಲಿನ ಫಾರಂ 5 (ಕಲಿತದ್ದಕ್ಕೆ ಸರ್ಟಿಫಿಕೇಟ್) ಬೇಕು. ಎಲ್‌ಎಲ್ ಆರು ತಿಂಗಳು ನಡೆಯುತ್ತೆ, 30 ದಿನ ಆದಮೇಲೆ ಟೆಸ್ಟ್. ದುಡ್ಡು ತಗೊಂಡು ಫಾರಂ 5 ಮಾತ್ರ ಕೊಡುವ ಸ್ಕೂಲು ಸುಲಭಕ್ಕೆ ಸಿಗುತ್ತೆ, ಬೇಡ. ಹದಿನೈದು ಗಂಟೆಯಾದರೂ ಹೆವಿ ಗಾಡಿಯ ಸ್ಟೀರಿಂಗ್ ನಿಮ್ಮ ಕೈಯಲ್ಲೇ ಇರಬೇಕು.

ಲೈಸೆನ್ಸ್ ಬಂದ ಮೇಲೆ ಕಾರ್ಖಾನೆಗೆ ಹತ್ತು ದಿನ ರಜೆ ಹಾಕಿ, ಅದೇ ಮಾಲೀಕರ ಗಾಡಿಯಲ್ಲಿ ಹಳೇ ಡ್ರೈವರ್ ಜೊತೆ ಮೂರು ಟ್ರಿಪ್ ಹೋಗಿಬನ್ನಿ. ಸುಮ್ಮನೆ ಹತ್ತಿ ಕೂರಬೇಡಿ. ಸರಕು ಗಾಡಿಯಲ್ಲಿ ಬಿಟ್ಟಿ ಪ್ರಯಾಣಿಕನಿಗೆ ವಿಮೆ ಇಲ್ಲ. ಟ್ರಿಪ್ ಶೀಟಿನಲ್ಲಿ ಕ್ಲೀನರ್ ಅಂತ ಹೆಸರು ಬರೆಸಿ. ಬೆಳಿಗ್ಗೆ ಏರ್ ಟ್ಯಾಂಕಿನ ನೀರು ಬಿಡೋದು, ಜೋಡಿ ಟೈರ್ ನಡುವೆ ಸಿಕ್ಕ ಕಲ್ಲು ತೆಗೆಯೋದು, ವೀಲ್ ನಟ್ ನೋಡೋದು, ಯೂರಿಯಾ ಮಟ್ಟ ನೋಡೋದು (ಬಿಎಸ್6 ಗಾಡಿಯಲ್ಲಿ ಹೊಗೆ ಶುದ್ಧ ಮಾಡೋ ದ್ರವ ಅದು, ಖಾಲಿಯಾದರೆ ಘಾಟ್ ಮಧ್ಯೆ ಎಳೆತ ಬಿದ್ದುಹೋಗುತ್ತೆ), ಟಾರ್ಪಾಲು ಬಿಗಿಯೋದು, ಎಲ್ಲ ಮಾಡಿ. ಮೂರನೇ ಟ್ರಿಪ್ಪಿನಿಂದ ಬಂದಾಗ ಮೈಕೈ ನೋವಿಗಿಂತ ಒಂದು ಗಮನಿಸಿ: ನೆಲಮಂಗಲದಲ್ಲಿ ಗಾಡಿ ಕಾಯುತ್ತಾ ಕೂತ ಹತ್ತು ಗಂಟೆ ನಿಮಗೆ ಹೇಗೆ ಕಳೆಯಿತು?

ಅದು ತಡೆದುಕೊಳ್ಳೋ ಹಾಗಿದ್ದರೆ ಮಾಲೀಕರ ಮನೆಗೆ ಮಾತಿಗೆ ಹೋಗಿ. ಹೆಂಡತಿಯನ್ನೂ ಕರ್ಕೊಂಡು ಹೋಗಿ. ಕ್ಲೀನರ್, ಡೀಸೆಲ್, ವಿಮೆ ನೀವು ಕೇಳಿ. ಶಿರಾಡಿ ಬಂದ್ ಆದ ದಿನದ ಪ್ರಶ್ನೆ ನಿಮ್ಮ ಹೆಂಡತಿಯೇ ಕೇಳಲಿ. ಆ ದಿನ ಖಾಲಿ ಕೈಯಲ್ಲಿ ಮನೆ ನಡೆಸಬೇಕಾದವರು ಅವರು.