ಉರ್ದು ಕಥೆಗಾರ ಸಾದತ್ ಹಸನ್ ಮಾಂಟೋ ಅವರ ‘ಟೋಬಾ ಟೇಕ್ ಸಿಂಗ್’ ಕಥೆಯಲ್ಲಿ ರೂಪಕ ಎಲ್ಲಿದೆ?

ಇಲ್ಲಿ ಇಡೀ ಸನ್ನಿವೇಶವೇ ರೂಪಕ. ದೇಶ ಒಡೆದು ಎರಡು ಮೂರು ವರ್ಷವಾದ ಮೇಲೆ ಭಾರತ, ಪಾಕಿಸ್ತಾನ ಸರ್ಕಾರಗಳು ಹುಚ್ಚಾಸ್ಪತ್ರೆಯ ರೋಗಿಗಳನ್ನೂ ಧರ್ಮ ನೋಡಿ ಹಂಚಿಕೊಳ್ಳಲು ಹೊರಡುತ್ತವೆ. ಹಾಗಾದರೆ ನಿಜವಾದ ಹುಚ್ಚು ಯಾರದ್ದು? ಲಾಹೋರಿನ ಒಬ್ಬ ರೋಗಿ ಮರ ಹತ್ತಿ ಕೂತು, ಎರಡೂ ದೇಶ ಬೇಡ, ಈ ಮರದಲ್ಲೇ ಇರುತ್ತೇನೆ ಅನ್ನುತ್ತಾನೆ. ಸರಿಯಾದ ಮಾತೇ, ಅಲ್ವಾ?

ನನ್ನನ್ನು ಜಾಸ್ತಿ ಕಾಡುವುದು ಅದೇ ಆಸ್ಪತ್ರೆಯ ಸಿಖ್ ರೋಗಿ ಬಿಷನ್ ಸಿಂಗ್‌ನ ಕಾಲು. 15 ವರ್ಷ ಮಲಗದೆ ನಿಂತೇ ಇದ್ದವನು, ಪಾದ ಊದಿಕೊಂಡಿವೆ. ತನ್ನ ಊರು ಟೋಬಾ ಟೇಕ್ ಸಿಂಗ್ ಯಾವ ದೇಶಕ್ಕೆ ಸೇರಿತು ಎಂದು ಕೇಳುತ್ತಲೇ ಇರುತ್ತಾನೆ. ಆಸ್ಪತ್ರೆಯಲ್ಲಿ ಯಾರಲ್ಲೂ ಖಚಿತ ಉತ್ತರವಿಲ್ಲ. ಜನ ಅವನನ್ನು ಆ ಊರಿನ ಹೆಸರಿನಿಂದಲೇ ಕರೆಯುತ್ತಾರೆ. ಹೀಗೆ ಮನುಷ್ಯ ಮತ್ತು ಊರು ಒಂದಾಗಿಬಿಡುತ್ತವೆ.

ಕೊನೆಗೆ ವಾಘಾ ಗಡಿಯಲ್ಲಿ, ಎರಡು ದೇಶಗಳ ಮುಳ್ಳುತಂತಿಯ ನಡುವೆ, ಹೆಸರಿಲ್ಲದ ತುಂಡು ನೆಲದ ಮೇಲೆ ಅವನು ಬೀಳುತ್ತಾನೆ. ಅಲ್ಲಿ ಬಿದ್ದದ್ದು ಟೋಬಾ ಟೇಕ್ ಸಿಂಗ್ ಎಂದು ಕಥೆ ಮುಗಿಯುತ್ತದೆ. ಮೂಲ ಉರ್ದುವಿನ ‘ಪಡಾ ಥಾ’ ಮನುಷ್ಯನಿಗೂ ಹೊಂದುತ್ತದೆ, ಊರಿಗೂ ಹೊಂದುತ್ತದೆ. ಕನ್ನಡದಲ್ಲಿ ಮಾತ್ರ ‘ಬಿದ್ದಿದ್ದ’, ‘ಬಿದ್ದಿತ್ತು’ ಎರಡರಲ್ಲಿ ಒಂದನ್ನು ಆರಿಸಲೇಬೇಕು.