ತಾತನ ಮಡಚುವ ಚಾಕುವನ್ನು ಸಾಣೆಗೆ ಕೊಡಬೇಡಿ

ಕೆಜಿಎಫ್ ಗಣಿಯಲ್ಲಿ ದುಡಿದ ತಾತನ ಪೆಟ್ಟಿಗೆಯಲ್ಲಿ ‘ಜೋಸೆಫ್ ರಾಜರ್ಸ್, ಶೆಫೀಲ್ಡ್, ಇಂಗ್ಲೆಂಡ್’ ಎಂಬ ಅಚ್ಚಿರುವ ಮಡಚುವ ಚಾಕು ಸಿಕ್ಕಿದೆ, ಕೋಲಾರದಲ್ಲಿ ಸಾಣೆ ಹಿಡಿಸಿ ಹೊಳಪು ಮಾಡಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ! ಸಾಣೆಚಕ್ರ ತಾಗಿದರೆ ಅಚ್ಚು ಸವೆಯುತ್ತದೆ. ಸಂಗ್ರಾಹಕರು ಮೊದಲು ನೋಡುವುದೇ ಅದನ್ನು.

ಅಲಗಿನ ಬೂದುಗಪ್ಪು ಛಾಯೆ ಹಳೆಯ ಕಾರ್ಬನ್ ಉಕ್ಕಿಗೆ ಸಹಜ, ನನ್ನ ಕಣ್ಣಿಗೆ ಅದೇ ಅದರ ಚೆಲುವು. ತೆಗೆಯಬೇಕಾದದ್ದು ಕೆಂಪು ತುಕ್ಕು ಮಾತ್ರ. ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ, ಒಂದು ದಿನ ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಒರೆಸಿ. ಉಪ್ಪುಕಾಗದ ಹತ್ತಿರ ತರಬೇಡಿ.

ಇನ್ನು ಸ್ಥಿತಿಯ ವಿಚಾರ. ಮಡಚಿದಾಗ ಅಲಗಿನ ಮೊನೆ ಹಿಡಿಯೊಳಗೆ ಪೂರ್ತಿ ಅಡಗುತ್ತದೆಯೇ? ಹೊರಗೆ ಇಣುಕಿದರೆ ಅಲಗನ್ನು ಬಹಳ ಮಸೆದಿರುವ ಸಾಧ್ಯತೆ ಹೆಚ್ಚು. ಬಿಚ್ಚುವಾಗ, ಮಡಚುವಾಗ ಸ್ಪ್ರಿಂಗ್ ‘ಟಕ್’ ಎಂದು ಬಿಗಿಯಾಗಿ ಕೂರಬೇಕು. ಬಿಚ್ಚಿದ ಅಲಗನ್ನು ಅಕ್ಕಪಕ್ಕಕ್ಕೆ ಮೆಲ್ಲಗೆ ಅಲುಗಿಸಿ. ಸಡಿಲವಿದ್ದರೆ ಬೆಲೆ ಇಳಿಯುತ್ತದೆ. ಮೂಳೆಯ ಹಿಡಿಯಾದರೆ ರಿವೆಟ್ ಸುತ್ತ ಕೂದಲೆಳೆಯ ಬಿರುಕುಗಳನ್ನು ಹುಡುಕಿ.

ಅಚ್ಚಿನಲ್ಲಿ ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ (ನಾಲ್ಕು ಸಮ ತೋಳುಗಳು, ತುದಿಗಳು ಕವಲೊಡೆದಿರುವ ಶಿಲುಬೆ) ಇವೆಯೇ? ಅವು ರಾಜರ್ಸ್ ಕಂಪನಿಯ ಗುರುತು. ಆ ಹೆಸರನ್ನು ಅನುಕರಿಸಿದವರು ಬಹಳ, ಆದ್ದರಿಂದ ಅಕ್ಷರ ಅಕ್ಷರವನ್ನೂ ಓದಿ. ಆಮದು ವಸ್ತುಗಳ ಮೇಲೆ ದೇಶದ ಹೆಸರಿರಬೇಕು ಎಂದು ಅಮೆರಿಕ 1890ರಲ್ಲಿ ಕಾನೂನು ಮಾಡಿದ ಮೇಲೆ ‘ಇಂಗ್ಲೆಂಡ್’ ಎಂದು ಅಚ್ಚು ಹಾಕುವುದು ರೂಢಿಯಾಯಿತು; ನಿಮ್ಮದು ಬಹುಶಃ ಅದರ ನಂತರದ್ದು. ಅಲಗಿನ ಬುಡದ ಎರಡೂ ಬದಿಯ ಫೋಟೋ ಹಾಕಿ, ಹಗಲು ಬೆಳಕಿನಲ್ಲಿ ತೆಗೆದದ್ದು.